ಅಂಗಾಲಿನ ಕಪ್ಪು ಕಲೆ ಮತ್ತು ಮಿಲಿಮೀಟರಿನ ಲೆಕ್ಕ

ಚರ್ಮದ ಕ್ಯಾನ್ಸರ್ ಎಂದರೆ ಬಿಳಿಯ ಮೈಬಣ್ಣದವರ ರೋಗ, ನಮಗೆ ಅದರ ಗೊಡವೆಯಿಲ್ಲ ಎಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ಇದರಲ್ಲಿ ಅರ್ಧ ಸತ್ಯವಿದೆ. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವರ್ಣದ್ರವ್ಯವು ಬಿಸಿಲಿನ ಅತಿನೇರಳೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಆದುದರಿಂದ ಆಸ್ಟ್ರೇಲಿಯಾ, ಅಮೆರಿಕಗಳಿಗೆ ಹೋಲಿಸಿದರೆ ಭಾರತೀಯರಲ್ಲಿ ಈ ರೋಗ ತೀರ ಕಡಿಮೆ. ಉಳಿದರ್ಧ ಸತ್ಯವನ್ನು ಮಾತ್ರ ನಾವು ಗಮನಿಸುವುದಿಲ್ಲ. ನಮ್ಮಲ್ಲಿ ಈ ರೋಗ ಕಾಣಿಸಿಕೊಳ್ಳುವ ಜಾಗ ಬೇರೆ, ಕಾಣಿಸಿಕೊಳ್ಳುವ ಬಗೆಯೂ ಬೇರೆ. ಅಪರೂಪವಾದುದರಿಂದಲೇ ಅದನ್ನು ಗುರುತಿಸುವುದು ತಡವಾಗುತ್ತದೆ; ತಡವಾದಷ್ಟೂ ಅದು ದೇಹದ ಬೇರೆಡೆಗೆ ಹರಡಿರುವ ಸಂಭವ ಹೆಚ್ಚುತ್ತದೆ.

ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದೊಡನೆ ರೋಗಿಯೂ ಮನೆಯವರೂ ಕೇಳುವ ಮೊದಲ ಪ್ರಶ್ನೆ, ‘ಇದು ಹರಡುತ್ತದೆಯೇ?’ ಎಂಬುದು. ಕೆಲವರು ಇದನ್ನು ಹಣೆಬರಹಕ್ಕೆ ಬಿಟ್ಟು ಸುಮ್ಮನಾಗುತ್ತಾರೆ. ಇನ್ನು ಕೆಲವರು ವಿದೇಶದಲ್ಲಿ ಬಂದಿರುವ ಹೊಸ ವಂಶವಾಹಿ ಪರೀಕ್ಷೆಗಳಲ್ಲಿ ಉತ್ತರವಿದೆಯೆಂದು ಭಾವಿಸುತ್ತಾರೆ. ನಮ್ಮ ಅಭಿಪ್ರಾಯ ಇವೆರಡಕ್ಕಿಂತ ಭಿನ್ನವಾದುದು. ಈ ಪ್ರಶ್ನೆಯ ಉತ್ತರದಲ್ಲಿ ದೊಡ್ಡ ಪಾಲು ಸಾಧಾರಣವಾದ ಒಂದು ಬಯಾಪ್ಸಿ ವರದಿಯ ನಾಲ್ಕಾರು ಸಾಲುಗಳಲ್ಲೇ ಇದೆ. ಆ ವರದಿಯನ್ನು ನಾವು ಮಾಡಿಸುವುದಿಲ್ಲ, ಮಾಡಿಸಿದರೂ ಓದಿಸಿಕೊಳ್ಳುವುದಿಲ್ಲ. ನಮ್ಮ ನಿಜವಾದ ಕೊರತೆ ಇದು.

ಅಂಗಾಲನ್ನು ನೋಡಿಕೊಳ್ಳುವವರು ಯಾರು?

ಪ್ರತಿವರ್ಷ ಮಹಾಶಿವರಾತ್ರಿಗೆ ಮುನ್ನ ಬೆಂಗಳೂರು, ಮಂಡ್ಯ, ಹಾಸನ, ಚಿಕ್ಕಮಗಳೂರು ಮೊದಲಾದ ಕಡೆಗಳಿಂದ ಸಾವಿರಾರು ಭಕ್ತರು ಚಾರ್ಮಾಡಿ ಘಾಟಿಯ ಮಾರ್ಗವಾಗಿ ಧರ್ಮಸ್ಥಳಕ್ಕೆ ಪಾದಯಾತ್ರೆ ಬರುತ್ತಾರೆ. ನಮ್ಮ ಮಠದ ಸದ್ಭಕ್ತರಲ್ಲಿಯೂ ಹೀಗೆ ನಡೆದುಹೋಗುವವರಿದ್ದಾರೆ. ವರ್ಷವಿಡೀ ಯಾರೂ ತಿರುಗಿ ನೋಡದ ಅಂಗಾಲು ಆ ನಾಲ್ಕೈದು ದಿನ ಮಾತ್ರ ಎಲ್ಲರ ಗಮನಕ್ಕೆ ಬರುತ್ತದೆ. ಬೊಬ್ಬೆಗೆ ಮದ್ದು ಹಚ್ಚುವವರು, ಪಾದಕ್ಕೆ ಎಣ್ಣೆ ತಿಕ್ಕುವವರು, ಮುಳ್ಳು ತೆಗೆಯುವವರು ದಾರಿಯುದ್ದಕ್ಕೂ ಸಿಗುತ್ತಾರೆ. ಇತ್ತ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಗಳ ಅಡಿಕೆ ತೋಟಗಳಲ್ಲಿ, ಗದ್ದೆಗಳಲ್ಲಿ, ಮುರಕಲ್ಲಿನ ನೆಲದಲ್ಲಿ ಬರಿಗಾಲಿನಲ್ಲಿ ದುಡಿಯುವವರಿಗೆ ಅಂಗಾಲಿನ ಆಣಿ, ದಡ್ಡು, ಹಿಮ್ಮಡಿಯ ಒಡಕು ನಿತ್ಯದ ಸಂಗತಿ. ಅಲ್ಲೊಂದು ಕಪ್ಪು ಕಲೆ ಮೂಡಿದರೆ ಮುಳ್ಳು ಮುರಿದುಕೊಂಡಿರಬೇಕು, ರಕ್ತ ಹೆಪ್ಪುಗಟ್ಟಿರಬೇಕು, ಆಣಿಯಿರಬೇಕು ಎಂದು ಸಮಾಧಾನಪಟ್ಟುಕೊಳ್ಳುವುದು ಸಹಜ.

ಆದರೆ ಭಾರತೀಯರಲ್ಲಿ ಮೆಲನೋಮಾ ಎಂಬ ಉಗ್ರ ಸ್ವರೂಪದ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಂಗಾಲಿನಲ್ಲಿ, ಅಂಗೈಯಲ್ಲಿ ಮತ್ತು ಉಗುರಿನ ಅಡಿಯಲ್ಲಿ. ಇದಕ್ಕೂ ಬಿಸಿಲಿಗೂ ಅಷ್ಟಾಗಿ ಸಂಬಂಧವಿಲ್ಲ. ದೇಹದ ಭಾರ ಬೀಳುವ ಜಾಗಗಳಲ್ಲಿ ಇದು ಹೆಚ್ಚೆಂದು ವೈದ್ಯರು ಗಮನಿಸಿದ್ದಾರೆ. ಬರಿಗಾಲಿನ ನಡಿಗೆಯೇ ಕಾರಣವೆಂದು ಸಾಬೀತಾಗಿಲ್ಲ. ಆದುದರಿಂದ ಪಾದಯಾತ್ರೆಗೆ ಯಾರೂ ಅಂಜಬೇಕಾಗಿಲ್ಲ. ಜಮೈಕಾದ ಪ್ರಸಿದ್ಧ ಗಾಯಕ ಬಾಬ್ ಮಾರ್ಲಿ ಕಪ್ಪು ವರ್ಣದವರು. 1977ರಲ್ಲಿ ಅವರ ಕಾಲಿನ ಹೆಬ್ಬೆರಳಿನ ಉಗುರಿನ ಅಡಿಯಲ್ಲಿ ಮೆಲನೋಮಾ ಇರುವುದು ಗೊತ್ತಾಯಿತು. ಮೊದಲು ಅದನ್ನು ಫುಟ್‌ಬಾಲ್ ಆಟದ ಪೆಟ್ಟೆಂದೇ ಭಾವಿಸಲಾಗಿತ್ತು. ಅದು ಮಿದುಳು, ಶ್ವಾಸಕೋಶಗಳಿಗೆ ಹರಡಿ 1981ರಲ್ಲಿ ಅವರು ತೀರಿಕೊಂಡಾಗ ವಯಸ್ಸು ಕೇವಲ 36.

ಮೂರು ಬಗೆ, ಮೂರು ಸ್ವಭಾವ

ಚರ್ಮದ ಕ್ಯಾನ್ಸರುಗಳಲ್ಲಿ ಮುಖ್ಯವಾದವು ಮೂರು. ಮೊದಲನೆಯದು ಬೇಸಲ್ ಸೆಲ್ ಕ್ಯಾನ್ಸರ್. ಮುಖದ ಮೇಲೆ, ಮೂಗಿನ ಬದಿಯಲ್ಲಿ ಹೊಳೆಯುವ ಗುಳ್ಳೆಯಂತೆ ಹುಟ್ಟಿ ನಿಧಾನವಾಗಿ ಕೊರೆಯುತ್ತ ಹೋಗುತ್ತದೆ. ಇದು ಇದ್ದಲ್ಲಿಯೇ ಹಾನಿ ಮಾಡುತ್ತದೆಯೇ ಹೊರತು ದೂರಕ್ಕೆ ಹರಡುವುದು ಬಹಳ ಅಪರೂಪ. ಎರಡನೆಯದು ಸ್ಕ್ವೇಮಸ್ ಸೆಲ್ ಕ್ಯಾನ್ಸರ್. ಇದು ಒರಟಾದ ಗಂಟಿನಂತೆಯೋ ಮಾಯದ ಹುಣ್ಣಿನಂತೆಯೋ ಇರುತ್ತದೆ. ಬಹುಪಾಲು ರೋಗಿಗಳು ಪೂರ್ತಿಯಾಗಿ ಕತ್ತರಿಸಿ ತೆಗೆದರೆ ಗುಣವಾಗುತ್ತಾರೆ. ನೂರರಲ್ಲಿ ಕೆಲವರಲ್ಲಿ ಮಾತ್ರ ಹರಡುತ್ತದೆ. ಮೂರನೆಯದಾದ ಮೆಲನೋಮಾ ಸಂಖ್ಯೆಯಲ್ಲಿ ಕಡಿಮೆಯಾದರೂ ಹರಡುವ ಸ್ವಭಾವದಲ್ಲಿ ಮುಂದು.

ಅಂದರೆ ‘ಚರ್ಮದ ಕ್ಯಾನ್ಸರ್’ ಎಂಬ ಒಂದೇ ಹೆಸರಿನಡಿ ಹೆಚ್ಚುಕಡಿಮೆ ನಿರುಪದ್ರವಿಯಾದುದೂ ಇದೆ, ಪ್ರಾಣಾಂತಿಕವಾದುದೂ ಇದೆ. ಬರಿಗಣ್ಣಿನ ನೋಟದಿಂದ ಇವುಗಳನ್ನು ಖಚಿತವಾಗಿ ಬೇರ್ಪಡಿಸುವುದು ನುರಿತ ವೈದ್ಯರಿಗೂ ಕಷ್ಟ. ಸಂಶಯದ ಭಾಗವನ್ನು ತೆಗೆದು ಫಾರ್ಮಲಿನ್ ದ್ರಾವಣದಲ್ಲಿಟ್ಟು ಪ್ರಯೋಗಾಲಯಕ್ಕೆ ಕಳುಹಿಸಿ, ರೋಗಶಾಸ್ತ್ರಜ್ಞರು ಸೂಕ್ಷ್ಮದರ್ಶಕದಡಿ ನೋಡಿದಾಗಲೇ ನಿಜ ಗೊತ್ತಾಗುವುದು.

ಒಂದು ಮಿಲಿಮೀಟರಿನ ಬೆಲೆ

ಮೆಲನೋಮಾ ಹರಡುವ ಸಂಭವವನ್ನು ಅಳೆಯಲು ಇಂದಿಗೂ ಜಗತ್ತು ನೆಚ್ಚಿಕೊಂಡಿರುವುದು ಒಂದು ಸರಳ ಅಳತೆಯನ್ನು. 1970ರಲ್ಲಿ ಅಲೆಕ್ಸಾಂಡರ್ ಬ್ರೆಸ್ಲೋ ಎಂಬ ಅಮೆರಿಕದ ರೋಗಶಾಸ್ತ್ರಜ್ಞರು, ಗಡ್ಡೆಯು ಚರ್ಮದೊಳಗೆ ಎಷ್ಟು ಆಳಕ್ಕೆ ಇಳಿದಿದೆಯೆಂಬುದನ್ನು ಸೂಕ್ಷ್ಮದರ್ಶಕಕ್ಕೆ ಅಳವಡಿಸಿದ ಅಳತೆಪಟ್ಟಿಯಿಂದ ಅಳೆದರು. ಕಲೆ ಎಷ್ಟು ಅಗಲವಿದೆ ಎಂಬುದಕ್ಕಿಂತ ಎಷ್ಟು ಆಳವಿದೆ ಎಂಬುದೇ ರೋಗಿಯ ಭವಿಷ್ಯವನ್ನು ಹೆಚ್ಚು ಸರಿಯಾಗಿ ಹೇಳುತ್ತದೆಂದು ತೋರಿಸಿದರು. ಅವರು ಪರೀಕ್ಷಿಸಿದ ರೋಗಿಗಳಲ್ಲಿ 0.76 ಮಿಲಿಮೀಟರಿಗಿಂತ ತೆಳುವಾಗಿದ್ದ ಗಡ್ಡೆಗಳು ಮರುಕಳಿಸಲಿಲ್ಲ, ಹರಡಲಿಲ್ಲ. ಇದಕ್ಕೆ ಕಾರಣ ತಿಳಿಯುವುದು ಕಷ್ಟವಲ್ಲ. ಚರ್ಮದ ಮೇಲ್ಪದರದಲ್ಲಿ ರಕ್ತನಾಳಗಳಿಲ್ಲ. ರಕ್ತನಾಳಗಳೂ ದುಗ್ಧನಾಳಗಳೂ ಇರುವುದು ಅದರ ಕೆಳಗಿನ ಪದರದಲ್ಲಿ. ಗಡ್ಡೆ ಕೆಳಕ್ಕಿಳಿದಷ್ಟೂ ಅದರ ಕೋಶಗಳಿಗೆ ಹೊರಟುಹೋಗುವ ದಾರಿ ತೆರೆದುಕೊಳ್ಳುತ್ತದೆ.

ಇಂದು ವೈದ್ಯರು ಬಳಸುವ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ 1, 2 ಮತ್ತು 4 ಮಿಲಿಮೀಟರುಗಳು ಮುಖ್ಯ ಗಡಿಗಳು. ಇವುಗಳೊಡನೆ ಗಡ್ಡೆಯ ಮೇಲಿನ ಚರ್ಮ ಒಡೆದು ಹುಣ್ಣಾಗಿದೆಯೇ ಎಂಬುದನ್ನೂ ನೋಡುತ್ತಾರೆ. ಅಮೆರಿಕ, ಯೂರೋಪ್, ಆಸ್ಟ್ರೇಲಿಯಾಗಳ ರೋಗಿಗಳ ಮಾಹಿತಿಯನ್ನಾಧರಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ದುಗ್ಧಗ್ರಂಥಿಗೆ ಹರಡದೆ, ಹುಣ್ಣೂ ಆಗದೆ, 0.8 ಮಿಲಿಮೀಟರಿಗಿಂತ ತೆಳುವಾಗಿದ್ದ ಮೆಲನೋಮಾದಲ್ಲಿ ನೂರಕ್ಕೆ 98 ಮಂದಿ ಹತ್ತು ವರ್ಷಗಳ ನಂತರವೂ ಈ ರೋಗಕ್ಕೆ ಬಲಿಯಾಗಿರಲಿಲ್ಲ. 4 ಮಿಲಿಮೀಟರಿಗಿಂತ ಆಳವಾಗಿ, ಹುಣ್ಣೂ ಆಗಿದ್ದವರಲ್ಲಿ ಈ ಸಂಖ್ಯೆ 75ಕ್ಕೆ ಇಳಿಯಿತು. ಹುಣ್ಣು, ಆಣಿ ಎಂದುಕೊಂಡು ಕಳೆದ ತಿಂಗಳುಗಳಲ್ಲಿ ಕಳೆದುಹೋಗುವುದು ಇಷ್ಟು ಬೆಲೆಬಾಳುವ ಮಿಲಿಮೀಟರುಗಳು.

ಈ ಅಳತೆ ಭವಿಷ್ಯವನ್ನು ಹೇಳುವುದಕ್ಕಷ್ಟೇ ಅಲ್ಲ, ಚಿಕಿತ್ಸೆಯನ್ನು ನಿರ್ಧರಿಸುವುದಕ್ಕೂ ಬೇಕು. ಒಂದು ಮಿಲಿಮೀಟರಿನೊಳಗಿನ ಮೆಲನೋಮಾಕ್ಕೆ ಸುತ್ತಲೂ ಒಂದು ಸೆಂಟಿಮೀಟರಿನಷ್ಟು ಒಳ್ಳೆಯ ಚರ್ಮವನ್ನು ಸೇರಿಸಿ ತೆಗೆದರೆ ಸಾಕು. ಎರಡು ಮಿಲಿಮೀಟರನ್ನು ಮೀರಿದರೆ ಎರಡು ಸೆಂಟಿಮೀಟರ್ ತೆಗೆಯಬೇಕಾಗುತ್ತದೆ. ತೋಟದಲ್ಲಿ ದುಡಿದು ಉಣ್ಣುವವನ ಅಂಗಾಲಿನಲ್ಲಿ ಈ ಒಂದು ಸೆಂಟಿಮೀಟರಿನ ವ್ಯತ್ಯಾಸ ಸಣ್ಣದಲ್ಲ.

ಮಾಯದ ಹುಣ್ಣು, ಹಳೆಯ ಸುಟ್ಟ ಕಲೆ

ಸ್ಕ್ವೇಮಸ್ ಸೆಲ್ ಕ್ಯಾನ್ಸರಿನಲ್ಲಿ ಯಾವುದು ಹರಡೀತೆಂಬುದನ್ನು ತಿಳಿಯಲು ಅಮೆರಿಕದ ಬೋಸ್ಟನ್ ನಗರದ ಬ್ರಿಗ್‌ಹ್ಯಾಮ್ ಆಂಡ್ ವಿಮೆನ್ಸ್ ಆಸ್ಪತ್ರೆಯ ವೈದ್ಯರು 2013ರಲ್ಲಿ ನಾಲ್ಕು ಲಕ್ಷಣಗಳ ಒಂದು ಕ್ರಮವನ್ನು ಮುಂದಿಟ್ಟರು. ಗಡ್ಡೆಯ ಅಗಲ ಎರಡು ಸೆಂಟಿಮೀಟರ್ ಅಥವಾ ಹೆಚ್ಚಾಗಿರುವುದು, ಅದು ಚರ್ಮದಡಿಯ ಕೊಬ್ಬಿನ ಪದರವನ್ನು ದಾಟಿರುವುದು, ಅದರ ಕೋಶಗಳು ಮೂಲ ಚರ್ಮಕೋಶದ ಹೋಲಿಕೆಯನ್ನು ಕಳೆದುಕೊಂಡಿರುವುದು ಮತ್ತು ನರಗಳ ಗುಂಟ ಸಾಗಿರುವುದು ಆ ನಾಲ್ಕು. ಇವುಗಳಲ್ಲಿ ಒಂದೂ ಇಲ್ಲದಿದ್ದರೆ ಹರಡುವ ಭಯ ತೀರ ಕಡಿಮೆ. ಎರಡು ಅಥವಾ ಹೆಚ್ಚು ಇದ್ದರೆ ರೋಗಿಯನ್ನು ಎಚ್ಚರದಿಂದ ನೋಡಿಕೊಳ್ಳಬೇಕು. ತುಟಿ, ಕಿವಿಗಳ ಮೇಲೆ ಹುಟ್ಟಿದ ಗಡ್ಡೆ, ಮೂತ್ರಪಿಂಡ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಸೇವಿಸುವವರಲ್ಲಿ ಹುಟ್ಟಿದ ಗಡ್ಡೆ ಇವೂ ಹೆಚ್ಚಿನ ಅಪಾಯದವು.

ನಮ್ಮ ನಾಡಿನ ಮಟ್ಟಿಗೆ ಇವೆಲ್ಲಕ್ಕಿಂತ ಮುಖ್ಯವಾದುದು ಹಳೆಯ ಗಾಯದಲ್ಲಿ ಹುಟ್ಟುವ ಕ್ಯಾನ್ಸರ್. 1828ರಲ್ಲಿ ಫ್ರಾನ್ಸಿನ ವೈದ್ಯ ಮಾರ್ಜೊಲಿನ್ ಇಂತಹ ಹುಣ್ಣುಗಳನ್ನು ವಿವರಿಸಿದುದರಿಂದ ಅವರ ಹೆಸರೇ ಇದಕ್ಕೆ ನಿಂತಿದೆ. ಬಾಲ್ಯದಲ್ಲಿ ಒಲೆಯ ಬೆಂಕಿ ತಗಲಿ ಸುಟ್ಟ ಕಲೆ, ಕುಷ್ಠರೋಗ ಗುಣವಾದ ಮೇಲೂ ಸ್ಪರ್ಶವಿಲ್ಲದ ಪಾದದಲ್ಲಿ ಉಳಿದ ಹುಣ್ಣು, ವರ್ಷಗಟ್ಟಲೆ ಕೀವು ಸೋರುವ ಗಾಯ ಇವುಗಳಲ್ಲಿ ಹಲವು ದಶಕಗಳ ನಂತರ ಕ್ಯಾನ್ಸರ್ ಮೊಳೆಯಬಹುದು. ಬಿಸಿಲಿನಿಂದ ಹುಟ್ಟುವ ಅದೇ ಜಾತಿಯ ಕ್ಯಾನ್ಸರಿಗಿಂತ ಇದು ಹರಡುವ ಸಂಭವ ಹಲವು ಪಟ್ಟು ಹೆಚ್ಚು. ಸೊಂಟಕ್ಕೆ ಬಿಗಿಯಾಗಿ ಕಟ್ಟಿದ ಸೀರೆಯ ಒಳಲಂಗದ ಲಾಡಿ ಉಜ್ಜಿ ಉಜ್ಜಿ ಹುಣ್ಣಾಗಿ, ಅದೇ ಮುಂದೆ ಕ್ಯಾನ್ಸರಾದ ಪ್ರಸಂಗಗಳನ್ನು 2024ರಲ್ಲಿ ಮಹಾರಾಷ್ಟ್ರದ ವಾರ್ಧಾದ ವೈದ್ಯರೂ ಬಿಹಾರದ ವೈದ್ಯರೂ ವರದಿ ಮಾಡಿದರು. ಆ ಇಬ್ಬರು ಮಹಿಳೆಯರಲ್ಲಿ ಒಬ್ಬರಿಗೆ ಅದು ತೊಡೆಸಂದಿನ ಗ್ರಂಥಿಗೆ ಆಗಲೇ ಹರಡಿತ್ತು. ನಮ್ಮ ರಾಜ್ಯದ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಅಂಗೈ ಅಂಗಾಲುಗಳು ಗಂಟುಗಂಟಾದ ಸಂಗತಿ ಸಂಶೋಧಕರಿಂದ ದಾಖಲಾಗಿದೆ. ಅಂತಹ ಗಂಟುಗಳಿಗೂ ಕ್ಯಾನ್ಸರಾಗುವ ಸ್ವಭಾವವಿದೆ. ಬಿಸಿಲಿಗೆ ಸಂಬಂಧವೇ ಇಲ್ಲದ ದಾರಿಗಳಿಂದ ಈ ರೋಗ ನಮ್ಮವರನ್ನು ತಲುಪುತ್ತಿದೆಯೆಂಬುದಕ್ಕೆ ಇಷ್ಟು ಸಾಕು.

ಕಾವಲು ಗ್ರಂಥಿಯ ಪರೀಕ್ಷೆ

ಗಡ್ಡೆಯಿಂದ ಹೊರಟ ಕೋಶಗಳು ಸಾಮಾನ್ಯವಾಗಿ ಮೊದಲು ತಲುಪುವುದು ಹತ್ತಿರದ ದುಗ್ಧಗ್ರಂಥಿಯನ್ನು. ಪಾದದಿಂದ ಹೊರಟವು ತೊಡೆಸಂದಿಗೂ ಕೈಯಿಂದ ಹೊರಟವು ಕಂಕುಳಿಗೂ ಬರುತ್ತವೆ. ಚಾರ್ಮಾಡಿಯಲ್ಲಿ ಘಾಟಿ ಇಳಿದು ಬರುವ ವಾಹನಗಳೆಲ್ಲ ತಪಾಸಣಾ ಠಾಣೆಯನ್ನು ದಾಟಿಯೇ ಮುಂದಕ್ಕೆ ಹೋಗಬೇಕಲ್ಲವೇ, ಹಾಗೆ. 1992ರಲ್ಲಿ ಡೊನಾಲ್ಡ್ ಮಾರ್ಟನ್ ಎಂಬ ಶಸ್ತ್ರವೈದ್ಯರು ಮತ್ತು ಅವರ ಸಂಗಡಿಗರು, ಗಡ್ಡೆಯ ಸುತ್ತ ನೀಲಿ ಬಣ್ಣವನ್ನು ಚುಚ್ಚಿ ಅದು ಮೊದಲು ತಲುಪುವ ಗ್ರಂಥಿಯನ್ನು ಮಾತ್ರ ತೆಗೆದು ಪರೀಕ್ಷಿಸುವ ವಿಧಾನವನ್ನು ಪ್ರಕಟಿಸಿದರು. ಇದಕ್ಕೆ ಕಾವಲು ಗ್ರಂಥಿಯ ಪರೀಕ್ಷೆ ಎನ್ನಬಹುದು. ಆಳವು ಒಂದು ಮಿಲಿಮೀಟರನ್ನು ಮೀರಿದಾಗ ಸಾಮಾನ್ಯವಾಗಿ ಇದನ್ನು ಸಲಹೆ ಮಾಡುತ್ತಾರೆ. ಆ ಗ್ರಂಥಿ ಶುದ್ಧವಾಗಿದ್ದರೆ ಹರಡಿಲ್ಲವೆಂಬ ಭರವಸೆ ಬಹಳ ಮಟ್ಟಿಗೆ ದೊರೆಯುತ್ತದೆ. ಅದರಲ್ಲಿ ಸ್ವಲ್ಪ ರೋಗ ಕಂಡರೂ ಅಲ್ಲಿನ ಗ್ರಂಥಿಗಳನ್ನೆಲ್ಲ ಒಮ್ಮೆಲೇ ತೆಗೆದುಹಾಕುವುದರಿಂದ ಆಯುಷ್ಯ ಹೆಚ್ಚುವುದಿಲ್ಲವೆಂದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಕಾಲು ಜೀವನಪೂರ್ತಿ ಬಾತುಕೊಳ್ಳುವಂತೆ ಮಾಡುವ ದೊಡ್ಡ ಶಸ್ತ್ರಚಿಕಿತ್ಸೆ ಹೀಗೆ ಅನೇಕರಿಗೆ ತಪ್ಪಿದೆ. ಮುನ್ಸೂಚನೆ ಸರಿಯಾಗಿದ್ದರೆ ಬೇಕಾದವರಿಗೆ ಹೆಚ್ಚಿನ ಚಿಕಿತ್ಸೆ ದೊರೆಯುವಂತೆಯೇ ಬೇಡವಾದವರಿಗೆ ಬೇಡದ ಚಿಕಿತ್ಸೆ ತಪ್ಪುತ್ತದೆ.

ಹೊಸ ಪರೀಕ್ಷೆಗಳ ವಿಷಯ

ಈಚಿನ ವರ್ಷಗಳಲ್ಲಿ ಅಮೆರಿಕದಲ್ಲಿ ಗಡ್ಡೆಯ ವಂಶವಾಹಿಗಳ ಚಟುವಟಿಕೆಯನ್ನು ಅಳೆದು ಹರಡುವ ಸಂಭವವನ್ನು ಹೇಳುವ ಪರೀಕ್ಷೆಗಳು ಬಂದಿವೆ. ಮೆಲನೋಮಾಕ್ಕೆ 31 ವಂಶವಾಹಿಗಳನ್ನೂ ಸ್ಕ್ವೇಮಸ್ ಸೆಲ್ ಕ್ಯಾನ್ಸರಿಗೆ 40 ವಂಶವಾಹಿಗಳನ್ನೂ ನೋಡುವ ಪರೀಕ್ಷೆಗಳು ಅವುಗಳಲ್ಲಿ ಹೆಸರಾದವು. ತೆಳುವಾದ ಗಡ್ಡೆಯೂ ಒಮ್ಮೊಮ್ಮೆ ಹರಡುತ್ತದೆ, ಆಳವಾದುದೂ ಒಮ್ಮೊಮ್ಮೆ ಹರಡದೆ ಉಳಿಯುತ್ತದೆ. ಅಳತೆಪಟ್ಟಿ ಹೇಳಲಾರದ ಈ ಭೇದವನ್ನು ತಿಳಿಯುವ ಪ್ರಯತ್ನ ಸ್ತುತ್ಯವೇ. ಆದರೆ ಈ ಪರೀಕ್ಷೆಗಳು ರೂಪುಗೊಂಡಿರುವುದು ಬಹುಪಾಲು ಬಿಳಿಯ ಮೈಬಣ್ಣದ ರೋಗಿಗಳ ಮಾಹಿತಿಯಿಂದ. ನಮ್ಮವರ ಅಂಗಾಲಿನ ಮೆಲನೋಮಾಕ್ಕೆ ಅವು ಅಷ್ಟೇ ಸರಿಹೊಂದುತ್ತವೆಯೆಂದು ಹೇಳುವಂತಿಲ್ಲ. ಆಳ, ಹುಣ್ಣು, ಗ್ರಂಥಿಗಳ ಲೆಕ್ಕವನ್ನು ಬದಿಗಿಟ್ಟು ಇವುಗಳನ್ನೇ ನಂಬಿ ಚಿಕಿತ್ಸೆ ಕೊಡುವುದಕ್ಕೆ ಅಲ್ಲಿನ ತಜ್ಞರಲ್ಲೂ ಒಮ್ಮತವಿಲ್ಲ. ಇರುವ ಅಳತೆಯನ್ನೇ ಸರಿಯಾಗಿ ಬಳಸದೆ ಇಲ್ಲದ ಪರೀಕ್ಷೆಗೆ ಹಂಬಲಿಸುವುದು ವಿವೇಕವಲ್ಲವೆಂಬುದು ನಮ್ಮ ಅನಿಸಿಕೆ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ನೂರಕ್ಕೆ ಇಷ್ಟು ಎಂಬ ಲೆಕ್ಕ ಗುಂಪಿನ ಕುರಿತು ಹೇಳುವ ಮಾತು. ಎದುರಿಗಿರುವ ಒಬ್ಬ ರೋಗಿ ಆ ಎಪ್ಪತ್ತೈದರಲ್ಲಿ ಸೇರುವನೋ ಇಪ್ಪತ್ತೈದರಲ್ಲಿ ಸೇರುವನೋ ಎಂಬುದನ್ನು ಯಾವ ವರದಿಯೂ ಹೇಳದು. ಆಳದ ಅಂಕಿ ಹೆಚ್ಚಿದೆಯೆಂದು ಮನೆಯವರು ಕೈಚೆಲ್ಲಿ ಕೂರುವುದು ತಪ್ಪು. ಕಡಿಮೆಯಿದೆಯೆಂದು ಮರುತಪಾಸಣೆಗೆ ಹೋಗದಿರುವುದೂ ಅಷ್ಟೇ ತಪ್ಪು.

ನಾವು ಮಾಡಬೇಕಾದುದು

ಮೊದಲನೆಯದಾಗಿ, ಸುಡುವ ಮುನ್ನ ಪರೀಕ್ಷೆ. ಅಂಗಾಲಿನ ಆಣಿಯನ್ನು ಬ್ಲೇಡಿನಿಂದ ಕೆತ್ತುವವರು, ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿ ಸುಡುವವರು ನಮ್ಮ ಹಳ್ಳಿಗಳಲ್ಲಿದ್ದಾರೆ. ಆಯುರ್ವೇದದಲ್ಲಿ ಆಣಿಗೆ ಅಗ್ನಿಕರ್ಮವುಂಟು. ಆಧುನಿಕ ವೈದ್ಯರೂ ವಿದ್ಯುತ್ತಿನಿಂದ ಸುಡುತ್ತಾರೆ. ನಿಜವಾದ ಆಣಿಗೆ ಇವು ತಕ್ಕ ಚಿಕಿತ್ಸೆಗಳೇ. ಆದರೆ ಕಪ್ಪು ಬಣ್ಣವಿರುವ, ಬೆಳೆಯುತ್ತಿರುವ, ರಕ್ತ ಒಸರುವ ಕಲೆಯನ್ನು ಪರೀಕ್ಷಿಸದೆ ಸುಟ್ಟರೆ ಅದರ ಆಳವನ್ನು ಅಳೆಯುವ ಅವಕಾಶವೂ ಸುಟ್ಟುಹೋಗುತ್ತದೆ. ಯಾವ ಪದ್ಧತಿಯ ವೈದ್ಯರೇ ಆಗಲಿ, ತೆಗೆದ ತುಣುಕನ್ನು ಕಸದ ಬುಟ್ಟಿಗೆ ಹಾಕದೆ ಪ್ರಯೋಗಾಲಯಕ್ಕೆ ಕಳುಹಿಸುವುದನ್ನು ನಿಯಮವಾಗಿ ಇಟ್ಟುಕೊಳ್ಳಬೇಕೆಂದು ನಾವು ವಿನಂತಿಸುತ್ತೇವೆ.

ಎರಡನೆಯದಾಗಿ, ‘ಕತ್ತಿ ತಾಗಿಸಿದರೆ ಕ್ಯಾನ್ಸರ್ ಕೆರಳಿ ಹರಡುತ್ತದೆ’ ಎಂಬ ನಂಬಿಕೆಯನ್ನು ಬಿಡಬೇಕು. ಬಯಾಪ್ಸಿಯಿಂದ ಚರ್ಮದ ಕ್ಯಾನ್ಸರ್ ಹರಡುವುದಿಲ್ಲ. ಹರಡಿದ ಮೇಲೆ ಬಯಾಪ್ಸಿಗೆ ಬಂದವರನ್ನು ಕಂಡು ಜನ ಕಾರಣವನ್ನೂ ಕಾರ್ಯವನ್ನೂ ಅದಲುಬದಲು ಮಾಡಿಕೊಂಡಿದ್ದಾರೆ, ಅಷ್ಟೆ.

ಮೂರನೆಯದಾಗಿ, ವರದಿಯನ್ನು ಕೇಳಿ ಪಡೆಯಬೇಕು. ಕ್ಯಾನ್ಸರ್ ಯಾವ ಬಗೆಯದು, ಆಳ ಎಷ್ಟು ಮಿಲಿಮೀಟರ್, ಮೇಲೆ ಹುಣ್ಣಾಗಿದೆಯೇ, ನರ ಅಥವಾ ನಾಳಗಳಲ್ಲಿ ಸಾಗಿದೆಯೇ, ಕತ್ತರಿಸಿದ ಅಂಚುಗಳು ಶುದ್ಧವಾಗಿವೆಯೇ ಎಂಬ ಐದು ಸಂಗತಿಗಳು ಅದರಲ್ಲಿವೆಯೇ ಎಂದು ವೈದ್ಯರನ್ನು ವಿನಯದಿಂದ ಕೇಳಬೇಕು. ರೋಗಿ ಕೇಳಿದರೆ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯೇ ಹೇಳಿದೆ. ಪ್ರಯೋಗಾಲಯದಲ್ಲಿ ಮೇಣದಲ್ಲಿ ಅಚ್ಚು ಹಾಕಿಟ್ಟ ತುಣುಕನ್ನು ಕೇಳಿ ಪಡೆದರೆ ಮಂಗಳೂರಿನಲ್ಲಾಗಲಿ ಮಣಿಪಾಲದಲ್ಲಾಗಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಾಗಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸಲು ಸಾಧ್ಯ. ಖರ್ಚಿಗೆ ಹೆದರುವ ಬಡ ಕುಟುಂಬಗಳಿಗೆ 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿದೆ. ಪಡಿತರ ಚೀಟಿ, ಆಧಾರ್ ಚೀಟಿಗಳೊಡನೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿದರೆ ದಾರಿ ತಿಳಿಯುತ್ತದೆ.

ನಾಲ್ಕನೆಯದಾಗಿ, ತಿಂಗಳಿಗೊಮ್ಮೆ ಮನೆಮಂದಿಯೆಲ್ಲರ ಪಾದಗಳನ್ನು ನೋಡುವ ರೂಢಿ ಬೆಳೆಯಬೇಕು. ವಯಸ್ಸಾದವರು ಬಗ್ಗಿ ತಮ್ಮ ಅಂಗಾಲನ್ನು ತಾವೇ ನೋಡಿಕೊಳ್ಳಲಾರರು. ಮಕ್ಕಳು ಮೊಮ್ಮಕ್ಕಳು ನೋಡಬೇಕು. ಅಂಗಾಲಿನಲ್ಲಿ 7 ಮಿಲಿಮೀಟರನ್ನು ಮೀರಿದ ಕಪ್ಪು ಕಲೆ, ಅಂಚು ಅಂಕುಡೊಂಕಾದ, ಒಂದಕ್ಕಿಂತ ಹೆಚ್ಚು ಬಣ್ಣಗಳುಳ್ಳ ಅಥವಾ ಬದಲಾಗುತ್ತಿರುವ ಮಚ್ಚೆ, ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪು ಗೆರೆ, ಒಂದೂವರೆ ಎರಡು ತಿಂಗಳಾದರೂ ಮಾಯದ ಹುಣ್ಣು, ಹಳೆಯ ಸುಟ್ಟ ಕಲೆಯಲ್ಲಿ ಎದ್ದ ಹೊಸ ಗಂಟು ಇವುಗಳಲ್ಲಿ ಯಾವುದು ಕಂಡರೂ ಚರ್ಮವೈದ್ಯರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆಯವರು ಪಾದದ ಹುಣ್ಣೆಲ್ಲ ಸಕ್ಕರೆಯಿಂದಲೇ ಎಂದು ತಿಳಿಯಬಾರದು. ಚರ್ಮವೈದ್ಯರ ಬಳಿ ದೀಪವುಳ್ಳ ಭೂತಗನ್ನಡಿಯಂತಹ ಉಪಕರಣವಿರುತ್ತದೆ. ಅಂಗಾಲಿನ ಗೆರೆಗಳಲ್ಲಿ ಕಪ್ಪು ಬಣ್ಣ ತೋಡುಗಳಲ್ಲಿ ನಿಂತಿದ್ದರೆ ಸಾಮಾನ್ಯವಾಗಿ ಅದು ಸಾಧಾರಣ ಮಚ್ಚೆ, ದಿಂಡುಗಳ ಮೇಲೆ ಹಬ್ಬಿದ್ದರೆ ಮೆಲನೋಮಾದ ಸಂಶಯವೆಂದು ಜಪಾನಿನ ವೈದ್ಯರು ಕಂಡುಕೊಂಡಿದ್ದಾರೆ. ಅನೇಕರು ಐದು ನಿಮಿಷಗಳ ಇಂತಹ ನೋಟದಿಂದಲೇ ನಿಶ್ಚಿಂತರಾಗಿ ಮನೆಗೆ ಮರಳಬಹುದು.

ಈ ತಿಳಿವಳಿಕೆಯನ್ನು ಹರಡಲು ಬೇರೆ ವ್ಯವಸ್ಥೆ ಬೇಕಿಲ್ಲ. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳು ಊರೂರಲ್ಲಿ ಸಭೆ ಸೇರುತ್ತವೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬರುತ್ತಾರೆ. ಮಠಮಾನ್ಯಗಳಲ್ಲಿ ಆರೋಗ್ಯ ಶಿಬಿರಗಳು ನಡೆಯುತ್ತವೆ. ಪಾದಯಾತ್ರಿಗಳ ಬೊಬ್ಬೆಗೆ ಮದ್ದು ಹಚ್ಚುವ ಸೇವಾಕರ್ತರಿಗೂ ಈ ಐದಾರು ಲಕ್ಷಣಗಳನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಟ್ಟರೆ, ರಕ್ತದೊತ್ತಡ, ಸಕ್ಕರೆಗಳ ತಪಾಸಣೆಯ ಸಾಲಿಗೆ ಪಾದದ ತಪಾಸಣೆಯೂ ಸೇರಿದರೆ ಖರ್ಚೇನೂ ಇಲ್ಲ.

ಹರಡಿದ ಮೆಲನೋಮಾಕ್ಕೆ 2014ರಿಂದೀಚೆಗೆ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಹೊಸ ಔಷಧಗಳು ಬಂದಿರುವುದು ನಿಜ. ಆದರೆ ಅವುಗಳ ಬೆಲೆ ಸಾಮಾನ್ಯರ ಕೈಗೆಟುಕುವಂಥದಲ್ಲ. ಅಂಗಾಲಿನ ಮೆಲನೋಮಾದಲ್ಲಿ ಅವುಗಳ ಫಲವೂ ತುಸು ಕಡಿಮೆಯೇ. ತೆಳುವಾಗಿರುವಾಗಲೇ ಕಂಡುಹಿಡಿದು ತೆಗೆದ ಗಡ್ಡೆಗೆ ಒಂದು ಸಣ್ಣ ಶಸ್ತ್ರಚಿಕಿತ್ಸೆ ಸಾಕು. ಕಾಯಕದಿಂದ ಬಾಳುವವನಿಗೆ ಕಾಲೇ ಬಂಡವಾಳ. ಅದನ್ನು ಉಳಿಸಿಕೊಳ್ಳುವ ಅಳತೆಪಟ್ಟಿ ಐವತ್ತು ವರ್ಷಗಳಿಂದ ವೈದ್ಯರ ಮೇಜಿನ ಮೇಲಿದೆ. ಅಳೆಯಿರೆಂದು ಕೇಳುವ ಕೆಲಸವನ್ನು ಓದುಗರು ಇಂದಿನಿಂದಲೇ ಆರಂಭಿಸಲಿ.